ಆ ನಾಲ್ಕು ಇಂಚು ಯಾರದು?

ವಿಮಾನದಲ್ಲಿ ಮುಂದಿನವರು ಸೀಟು ಹಿಂದಕ್ಕೆ ಒರಗಿಸಿದರೆ ಹಿಂದಿನವರ ಮಂಡಿಗೆ ಸಂಕಟ; ಒರಗಿಸದಿದ್ದರೆ ಮುಂದಿನವರ ಸೊಂಟಕ್ಕೆ ಸಂಕಟ. ಗುಂಡಿ ಇರುವುದು ಒಬ್ಬರ ಕೈಯಲ್ಲಿ, ಜಾಗ ಬೇಕಿರುವುದು ಇಬ್ಬರಿಗೂ. ಈ ವ್ಯಾಜ್ಯಕ್ಕೆ ತೀರ್ಪು ಕೊಡುವವರು ಯಾರು?

2014ರ ಆಗಸ್ಟ್ 24, ಭಾನುವಾರ. ಅಮೆರಿಕದ ನ್ಯೂವಾರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್ ವಿಮಾನ ದಾರಿ ಮಧ್ಯೆ ಷಿಕಾಗೊದಲ್ಲಿ ಇಳಿಯಿತು. ಎಂಜಿನ್ ಕೈಕೊಟ್ಟಿರಲಿಲ್ಲ, ಹವಾಮಾನ ಕೆಟ್ಟಿರಲಿಲ್ಲ, ಪ್ರಯಾಣಿಕರಲ್ಲಿ ಯಾರಿಗೂ ಎದೆನೋವು ಬಂದಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುತ್ತಿದ್ದ ಗೃಹಸ್ಥರೊಬ್ಬರು, ಮುಂದಿನ ಸೀಟು ಹಿಂದಕ್ಕೆ ಬಾರದಿರಲೆಂದು ತಮ್ಮ ಟ್ರೇ ಟೇಬಲ್ಲಿನ ತೋಳುಗಳಿಗೆ ಎರಡು ಪ್ಲಾಸ್ಟಿಕ್ ಬೆಣೆ ಸಿಕ್ಕಿಸಿದ್ದರು. ಮುಂದೆ ಕೂತಿದ್ದ ಮಹಿಳೆ ಗುಂಡಿ ಒತ್ತಿ ಬೆನ್ನು ಕೊಟ್ಟರೂ ಸೀಟು ಜಪ್ಪಯ್ಯ ಅನ್ನಲಿಲ್ಲ. ಸಿಬ್ಬಂದಿ ನಡುವೆ ಬಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಆಕೆ ಎದ್ದು ನಿಂತು ಲೋಟದಲ್ಲಿದ್ದುದನ್ನು ಹಿಂದಿನವರ ಮೇಲೆ ಎರಚಿದರು. ಪೈಲಟ್ ವಿಮಾನ ತಿರುಗಿಸಿದರು. ಇಬ್ಬರನ್ನೂ ಷಿಕಾಗೊದಲ್ಲಿ ಇಳಿಸಿ ಹೊರಟ ವಿಮಾನ ಡೆನ್ವರ್ ಮುಟ್ಟುವಾಗ ಒಂದೂವರೆ ಗಂಟೆಗೂ ಮಿಕ್ಕಿ ತಡವಾಗಿತ್ತು.

ಈ ಪ್ರಕರಣದ ಸ್ವಾರಸ್ಯ ಇನ್ನೊಂದಿದೆ. ಇಬ್ಬರೂ ಕೂತಿದ್ದದ್ದು ‘ಎಕಾನಮಿ ಪ್ಲಸ್’ ವಿಭಾಗದಲ್ಲಿ. ಸಾಮಾನ್ಯ ದರ್ಜೆಗಿಂತ ನಾಲ್ಕು ಇಂಚಿನವರೆಗೆ ಹೆಚ್ಚು ಜಾಗ ಸಿಗುತ್ತದೆಂದೇ ಪ್ರತ್ಯೇಕವಾಗಿ ಮಾರುವ ಸೀಟುಗಳವು. ಅಂದರೆ ವಿಮಾನದ ಎಕಾನಮಿಯಲ್ಲಿ ಎಲ್ಲರಿಗಿಂತ ಆರಾಮಾಗಿ ಕೂತಿದ್ದ ಇಬ್ಬರು ಜಾಗಕ್ಕಾಗಿ ಹೊಡೆದಾಡಿದ್ದರು. ಮುಂದಿನ ಒಂದೆರಡು ವಾರದೊಳಗೆ ಇಂಥವೇ ಇನ್ನೆರಡು ಪ್ರಕರಣಗಳಾದವು. ಮಯಾಮಿಯಿಂದ ಪ್ಯಾರಿಸ್‌ಗೆ ಹೊರಟಿದ್ದ ಒಂದು ವಿಮಾನ ಬಾಸ್ಟನ್‌ನಲ್ಲಿಯೂ ನ್ಯೂಯಾರ್ಕ್‌ನಿಂದ ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ಗೆ ಹೊರಟಿದ್ದ ಇನ್ನೊಂದು ಜಾಕ್ಸನ್‌ವಿಲ್‌ನಲ್ಲಿಯೂ ಇಳಿದವು. ಎರಡಕ್ಕೂ ಕಾರಣ ಒರಗಿದ ಸೀಟೇ.

ಬೆಣೆಯ ಜೊತೆ ಒಂದು ಚೀಟಿ

ಆ ಬೆಣೆಯ ಹೆಸರು ‘ನೀ ಡಿಫೆಂಡರ್’. ಆರಡಿ ಮೂರಿಂಚು ಎತ್ತರದ ಐರಾ ಗೋಲ್ಡ್‌ಮನ್ ಎಂಬ ಅಮೆರಿಕನ್ ತನ್ನ ಮಂಡಿ ಉಳಿಸಿಕೊಳ್ಳಲು ಮಾಡಿಕೊಂಡ ಉಪಾಯ ಅದು. 2003ರಲ್ಲಿ ಮಾರಾಟಕ್ಕೆ ಬಂತು. ಜಗಳದ ಹೊತ್ತಿಗೆ ಜೋಡಿಯ ಬೆಲೆ 21.95 ಡಾಲರ್. ವಿಮಾನ ಓಡುವಾಗ, ಏರುವಾಗ, ಇಳಿಯುವಾಗ ಬಳಸದಿದ್ದರೆ ಕಾನೂನಿನ ಅಡ್ಡಿ ಇಲ್ಲ ಎಂಬುದು ಅಮೆರಿಕದ ವಿಮಾನಯಾನ ಆಡಳಿತದ ನಿಲುವಾಗಿತ್ತು. ಆದರೆ ಅಲ್ಲಿನ ದೊಡ್ಡ ವಿಮಾನ ಕಂಪನಿಗಳೆಲ್ಲ ಅದಕ್ಕೆ ನಿಷೇಧ ಹೇರಿದ್ದವು.

ಬೆಣೆಯ ವಿಷಯ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದರೊಂದಿಗೆ ಬಳಸಲೆಂದು ಗೋಲ್ಡ್‌ಮನ್ ಒಂದು ಚೀಟಿಯನ್ನೂ ಮಾಡಿದ್ದ. ಅದರ ಕಡೆ ಹೆಚ್ಚಿನವರ ಗಮನ ಹೋಗಲಿಲ್ಲ. ಮುಂದಿನ ಸೀಟಿನವರ ಕೈಗೆ ಕೊಡಬೇಕಾದ ಚೀಟಿ. ನನ್ನ ಕಾಲು ಉದ್ದ, ನೀವು ಒರಗಿದರೆ ಮಂಡಿಗೆ ಬಡಿಯುತ್ತದೆ, ನಿಮಗೆ ತೊಂದರೆ ಆಗುತ್ತಿದೆಯೆಂದು ಬಲ್ಲೆ, ದಯವಿಟ್ಟು ವಿಮಾನ ಕಂಪನಿಗೆ ದೂರು ಕೊಡಿ ಎಂಬುದು ಅದರ ತಾತ್ಪರ್ಯ. ಬೆಣೆ ಹೊಡೆಯುವ ಸಾಧನ ಮಾರಿದವನಿಗೇ ಗೊತ್ತಿತ್ತು, ಬರೀ ಬೆಣೆಯಿಂದ ಕೆಲಸ ಆಗುವುದಿಲ್ಲ, ಒಂದು ಮಾತೂ ಬೇಕು ಎಂದು. ಮಾತು ಯಾರ ಕಡೆ ತಿರುಗಬೇಕು ಎಂಬುದೂ ಗೊತ್ತಿತ್ತು.

ಇಂಚಿಂಚೇ ಹೋದ ಜಾಗ

ವಿಮಾನದವರ ಲೆಕ್ಕದಲ್ಲಿ ‘ಪಿಚ್’ ಅಂದರೆ ಒಂದು ಸೀಟಿನ ಯಾವುದೋ ಬಿಂದುವಿನಿಂದ ಹಿಂದಿನ ಸೀಟಿನ ಅದೇ ಬಿಂದುವಿಗಿರುವ ದೂರ. ಸೀಟಿನ ದಪ್ಪವೂ ಅದರೊಳಗೇ ಸೇರಿಕೊಂಡಿರುವುದರಿಂದ ಕಾಲಿಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಅಮೆರಿಕದಲ್ಲಿ ಎಕಾನಮಿ ದರ್ಜೆಯ ಪಿಚ್ ಹಿಂದೆ ಸರಾಸರಿ 35 ಇಂಚು ಇದ್ದದ್ದು 31ಕ್ಕೆ ಇಳಿದಿದೆ, ಕೆಲವು ವಿಮಾನಗಳಲ್ಲಿ 28ಕ್ಕೇ ಬಂದು ನಿಂತಿದೆ ಎಂದು ಪ್ರಯಾಣಿಕರ ಸಂಘವೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿತು. 2017ರ ಜುಲೈನಲ್ಲಿ ತೀರ್ಪು ಬರೆದ ನ್ಯಾಯಾಧೀಶೆ ಪೆಟ್ರೀಷಿಯಾ ಮಿಲೆಟ್, ಇದು ನಂಬಲಾಗದಂತೆ ಕುಗ್ಗುತ್ತಿರುವ ವಿಮಾನದ ಸೀಟಿನ ಪ್ರಕರಣ ಎಂದು ಪತ್ತೇದಾರಿ ಕಥೆಯ ಧಾಟಿಯಲ್ಲಿ ಶುರು ಮಾಡಿದರು. ವಿಷಯವನ್ನು ಮತ್ತೆ ಪರಿಶೀಲಿಸಿ ಎಂದು ವಿಮಾನಯಾನ ಆಡಳಿತಕ್ಕೆ ಹೇಳಿದರು. ಸೀಟಿನ ಕನಿಷ್ಠ ಅಳತೆಯನ್ನು ಒಂದು ವರ್ಷದೊಳಗೆ ಗೊತ್ತುಮಾಡಿ ಎಂದು ಅಮೆರಿಕದ ಸಂಸತ್ತು 2018ರಲ್ಲಿ ಕಾನೂನನ್ನೇ ಮಾಡಿತು. ಗಡುವು ದಾಟಿತು, ಅಳತೆ ಬರಲಿಲ್ಲ.

ಆಡಳಿತ ಸುಮ್ಮನೆ ಕೂತಿತ್ತೆಂದಲ್ಲ. ಒಕ್ಲಹೋಮಾ ಸಿಟಿಯಲ್ಲಿ 775 ಮಂದಿ ಸ್ವಯಂಸೇವಕರನ್ನು ಕೂರಿಸಿ, ಅವಘಡವಾದರೆ ಎಷ್ಟು ಬೇಗ ಹೊರಗೆ ಬರುತ್ತಾರೆಂದು ಪರೀಕ್ಷೆ ನಡೆಸಿತು. ವಿಮಾನದ ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬೀಳಬೇಕೆಂಬುದು ಹಳೆಯ ನಿಯಮ. ಬಹುಪಾಲು ಜನರಿಗೆ ಈಗಿನ ಅಂತರದಿಂದ ತೊಂದರೆ ಇಲ್ಲ ಎಂಬ ಉತ್ತರ ಬಂತು. ಆದರೆ ಪರೀಕ್ಷೆಗೆ ಕೂತವರೆಲ್ಲ 18ರಿಂದ 60ರೊಳಗಿನ ಗಟ್ಟಿಮುಟ್ಟಾದವರು; ಮಕ್ಕಳಿಲ್ಲ, ಮುದುಕರಿಲ್ಲ, ಗಾಲಿಕುರ್ಚಿಯವರಿಲ್ಲ. 2022ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 26 ಸಾವಿರಕ್ಕೂ ಹೆಚ್ಚು ಪತ್ರಗಳು ಬಂದು ಬಿದ್ದವು. ಬೇಗ ಹೊರಬೀಳುವುದು ಬೇರೆ, ಹದಿನಾರು ಗಂಟೆ ಕೂತಿರುವುದು ಬೇರೆ. ಪರೀಕ್ಷೆ ಆಗಿದ್ದು ಮೊದಲನೆಯದಕ್ಕೆ, ಜನರ ಗೋಳು ಎರಡನೆಯದರದು.

ಪಿಚ್ ಕುಗ್ಗಿದರೂ ಗುಂಡಿ ಮಾತ್ರ ತೋಳಿನ ಕೆಳಗೆ ಹಾಗೇ ಉಳಿಯಿತು. ಗುಂಡಿ ಒತ್ತಿದರೆ ಒಂದು ತಂತಿ ಎಳೆದು ಸೀಟಿನಡಿಯ ಸಿಲಿಂಡರಿನ ಬೀಗ ಬಿಡುತ್ತದೆ. ಮೈಭಾರಕ್ಕೆ ಬೆನ್ನು ಹಿಂದಕ್ಕೆ ಹೋಗುತ್ತದೆ. ತಿರುಗುವ ಕೀಲು ಸೊಂಟದ ಹತ್ತಿರ ಇರುವುದರಿಂದ ಕೆಳಗಡೆ ಬೆನ್ನು ಸರಿಯುವುದು ಅತ್ಯಲ್ಪ, ಮೇಲೆ ತಲೆಯ ಬಳಿ ಎರಡರಿಂದ ನಾಲ್ಕು ಇಂಚು. ಸಾಧಾರಣ ಎತ್ತರದವರಿಗೆ ಪೆಟ್ಟು ಬೀಳುವುದು ಮಂಡಿಗಿಂತ ಹೆಚ್ಚಾಗಿ ಕಣ್ಣಿಗೆ, ಊಟದ ತಟ್ಟೆಗೆ, ಲ್ಯಾಪ್‌ಟಾಪಿಗೆ. ಟ್ರೇ ಮಡಿಸಿಡುವ ಜಾಗದ ಮೇಲಂಚಿನಲ್ಲಿ ಒಂದು ತಗ್ಗು ಇರುತ್ತದೆ. ತೆರೆದ ಲ್ಯಾಪ್‌ಟಾಪಿನ ಪರದೆಯ ತುದಿ ಅದರೊಳಗೆ ಸಿಕ್ಕಿಕೊಂಡಿರುವಾಗ ಮುಂದಿನವರು ಧಡಕ್ಕನೆ ಒರಗಿದರೆ ಪರದೆ ಬಿರಿಯುತ್ತದೆ. ಒರಗಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಅವರಿಗೆ ಬೆನ್ನಿಗೆ ಕಣ್ಣಿಲ್ಲ.

ಹೀಗೆ ನೋಡಿದರೆ ಕಂಪನಿ ಮಾಡಿರುವುದೇನು? ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟಿದೆ. ಮುಂದಿನವರಿಗೆ ಗುಂಡಿ ತೋರಿಸಿ ‘ಒರಗುವ ಜಾಗ ನಿಮ್ಮದು’ ಎಂದಿದೆ. ಹಿಂದಿನವರಿಗೆ ಟ್ರೇ ತೋರಿಸಿ ‘ಊಟದ, ಕೆಲಸದ ಜಾಗ ನಿಮ್ಮದು’ ಎಂದಿದೆ. ಇಬ್ಬರ ಪತ್ರವೂ ಸರಿ ಇದೆ. ಮಾರಿದವನು ಮಾತ್ರ ಜಗಳದ ಹೊತ್ತಿಗೆ ಸ್ಥಳದಲ್ಲಿಲ್ಲ; ಇರುವುದು ಟ್ರಾಲಿ ತಳ್ಳುತ್ತಿರುವ ಗಗನಸಖಿ.

ದುಡ್ಡಿಗೆ ಬಗ್ಗದ ಸೀಟು

ಇಂಥ ವ್ಯಾಜ್ಯಗಳ ಬಗ್ಗೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರಾಂತ ವಿಚಾರವಿದೆ. ರೊನಾಲ್ಡ್ ಕೋಸ್ 1960ರಲ್ಲಿ ಬರೆದ ಪ್ರಬಂಧದಲ್ಲಿ ಹೇಳಿದ್ದು: ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು, ಚೌಕಾಸಿಗೆ ಖರ್ಚಿಲ್ಲದಿದ್ದರೆ, ವಸ್ತು ಯಾರಿಗೆ ಹೆಚ್ಚು ಬೇಕೋ ಅವರ ಕೈಗೇ ಹೋಗಿ ಸೇರುತ್ತದೆ, ಆರಂಭದಲ್ಲಿ ಹಕ್ಕು ಯಾರಿಗಿತ್ತು ಎಂಬುದು ಮುಖ್ಯವಾಗುವುದಿಲ್ಲ. 1991ರಲ್ಲಿ ಅವರಿಗೆ ನೊಬೆಲ್ ಬಂತು. ಈ ಲೆಕ್ಕದಂತೆ ಸೀಟಿನ ಜಗಳ ಬಲು ಸುಲಭ. ಒರಗುವ ಹಕ್ಕು ಮುಂದಿನವರದು. ಬೇಡವೆಂದರೆ ಹಿಂದಿನವರು ದುಡ್ಡು ಕೊಟ್ಟು ಕೊಳ್ಳಲಿ. ಯಾರೂ ದುಡ್ಡು ಕೊಡಲು ಮುಂದಾಗದಿದ್ದರೆ ಅವರಿಗೆ ಅಷ್ಟೇನೂ ಕಷ್ಟವಿಲ್ಲ ಎಂದರ್ಥ.

ಕ್ರಿಸ್ಟೊಫರ್ ಬುಕಾಫಸ್ಕೊ, ಕ್ರಿಸ್ಟೊಫರ್ ಸ್ಪ್ರಿಗ್‌ಮನ್ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕರು 2014ರಲ್ಲಿ ಇದನ್ನು ಜನರ ಮುಂದಿಟ್ಟು ನೋಡಿದರು. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಆರು ಗಂಟೆಯ ಪ್ರಯಾಣ ಅಂದುಕೊಳ್ಳಿ. ಹಕ್ಕು ಮುಂದಿನವರದು ಎಂದು ಹೇಳಿ ಕೇಳಿದಾಗ, ಒರಗದೆ ಇರಲು ಅವರು ಸರಾಸರಿ 41 ಡಾಲರ್ ಬೇಕೆಂದರು. ಹಿಂದಿನವರು ಕೊಡಲು ಒಪ್ಪಿದ್ದು 18. ಐದು ಸಂದರ್ಭಗಳಲ್ಲಿ ಒಂದರಲ್ಲಷ್ಟೇ ವ್ಯಾಪಾರ ಕುದುರೀತು. ಆಮೇಲೆ ಪ್ರಶ್ನೆಯನ್ನು ತಲೆಕೆಳಗು ಮಾಡಿದರು: ಹಕ್ಕು ಹಿಂದಿನವರದು, ಒರಗಬೇಕಿದ್ದರೆ ಮುಂದಿನವರು ಕೊಂಡುಕೊಳ್ಳಬೇಕು. ಈಗ ಹಿಂದಿನವರು ಕೇಳಿದ್ದು 39 ಡಾಲರ್, ಮುಂದಿನವರು ಕೊಡಲು ಒಪ್ಪಿದ್ದು ಬರೀ 12. ಹಕ್ಕು ಯಾರ ಕಡೆ ಬಿದ್ದರೂ ಅವರು ಬಿಗಿಹಿಡಿದು ಕೂರುತ್ತಾರೆ. ತನ್ನದಾದ ಕ್ಷಣದಿಂದ ವಸ್ತುವಿನ ಬೆಲೆ ಏರುತ್ತದೆ ಎಂಬ ಮನುಷ್ಯಸ್ವಭಾವವನ್ನು ರಿಚರ್ಡ್ ಥೇಲರ್ ಅಂಥವರು ಮೊದಲೇ ಗುರುತಿಸಿದ್ದರು. 2017ರ ನೊಬೆಲ್ ಅವರದು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಹಿಂದಿನವರು ದುಡ್ಡಿನ ಬದಲು ಒಂದು ಪಾನೀಯವನ್ನೋ ತಿಂಡಿಯನ್ನೋ ಕೊಡಿಸುತ್ತೇನೆ ಎಂದರೆ? ಶೇ 78ರಷ್ಟು ಮಂದಿ ಹಾಗಾದರೆ ಒರಗುವುದಿಲ್ಲ ಎಂದರು. 41 ಡಾಲರಿಗೆ ಕಮ್ಮಿ ಬಗ್ಗದ ಸೀಟು ಐದಾರು ಡಾಲರಿನ ಜ್ಯೂಸಿಗೆ ನೆಟ್ಟಗಾಯಿತು! ಇದು ಲೆಕ್ಕಕ್ಕೆ ಸಿಗುವ ವಿಷಯವಲ್ಲ. ದುಡ್ಡು ಚಾಚಿದರೆ ಎದುರಿನವರು ವ್ಯಾಪಾರಿಗಳಾಗುತ್ತಾರೆ. ಜ್ಯೂಸು ಚಾಚಿದರೆ ಸಹಪ್ರಯಾಣಿಕರಾಗುತ್ತಾರೆ. ವ್ಯಾಪಾರದಲ್ಲಿ ನಷ್ಟ ಮಾಡಿಕೊಳ್ಳುವುದು ದಡ್ಡತನ, ಜೊತೆಯವರಿಗೆ ಬಿಟ್ಟುಕೊಡುವುದು ದೊಡ್ಡತನ. ಒಂದೇ ನಾಲ್ಕು ಇಂಚು, ಕೇಳಿದ ರೀತಿಗೆ ತಕ್ಕಂತೆ ಬೇರೆ ಬೇರೆ ತೂಗುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿವಾದದಲ್ಲಿ ನೆನಪಿಡಬೇಕಾದ ಅಂಕಿ ಇದೊಂದೇ.

ಕೊನೆಯ ಸಾಲಿನ ಪಾಡು

ಒರಗುವುದು ಒಬ್ಬರಿಗೆ ನಿಲ್ಲುವುದಿಲ್ಲ. ಐದನೇ ಸಾಲಿನವರು ಒರಗಿದರೆ ಆರನೆಯವರು ತಾವೂ ಒರಗಿ ಕಳೆದುಕೊಂಡ ಜಾಗ ಹಿಂದಕ್ಕೆ ಪಡೆಯುತ್ತಾರೆ, ಆಮೇಲೆ ಏಳನೆಯವರು. ಹೀಗೆ ಸರಿದ ಸಂಕಟ ಶೌಚಾಲಯದ ಗೋಡೆಗೆ ಬೆನ್ನು ಕೊಟ್ಟಿರುವ ಕೊನೆಯ ಸಾಲಿಗೆ ಬಂದು ನಿಲ್ಲುತ್ತದೆ. ಬಹಳಷ್ಟು ವಿಮಾನಗಳಲ್ಲಿ ಆ ಸೀಟು ಒರಗುವುದಿಲ್ಲ. ತುರ್ತು ಬಾಗಿಲಿನ ಮುಂದಿರುವ ಸಾಲಿನದೂ ಅಷ್ಟೇ. ಬೆನ್ನು ಹಿಂದಕ್ಕೆ ಬಂದರೆ ಹೊರಹೋಗುವ ದಾರಿ ಕಟ್ಟುತ್ತದೆ ಎಂದು ಅದನ್ನು ಬಿಗಿದಿರುತ್ತಾರೆ. ಏರುವಾಗ, ಇಳಿಯುವಾಗ ಎಲ್ಲರ ಸೀಟೂ ನೆಟ್ಟಗಿರಬೇಕು ಅನ್ನುವುದಕ್ಕೂ ಕಾರಣ ಇದೇ. ಸೀಟಿನ ಆಯ್ಕೆಗೆ ದುಡ್ಡು ಕೊಡದವರ ಪಾಲಿಗೆ ಕೊನೆಗೆ ಉಳಿಯುವುದು ಹಿಂದಿನ ಸಾಲುಗಳು. ಹಾಗಾಗಿ ಎಲ್ಲರ ಆರಾಮದ ಬಾಕಿ ತೀರಿಸುವವರು ಹೆಚ್ಚಾಗಿ ಅಗ್ಗದ ಟಿಕೆಟ್ಟಿನವರೇ.

2020ರ ಆರಂಭದಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಷಾರ್ಲಟ್‌ಗೆ ಹಾರುತ್ತಿದ್ದ ವಿಮಾನದಲ್ಲಿ ತೆಗೆದ ವಿಡಿಯೊ ಜಗತ್ತನ್ನೆಲ್ಲ ಸುತ್ತಿತು. ಮುಂದಿನ ಮಹಿಳೆಯ ಸೀಟಿನ ಬೆನ್ನನ್ನು ಹಿಂದಿನವನೊಬ್ಬ ಒಂದೇ ಸಮನೆ ಮುಷ್ಟಿಯಿಂದ ಗುದ್ದುತ್ತಿದ್ದ. ಅವನು ಕೂತಿದ್ದದ್ದು ಕೊನೆಯ ಸಾಲಿನಲ್ಲಿ. ಗುದ್ದಿದ್ದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅಮೆರಿಕ ಎರಡು ಪಂಗಡವಾಗಿ ವಾರಗಟ್ಟಲೆ ವಾದ ಮಾಡಿತು. ಆಗ ಡೆಲ್ಟಾ ಏರ್‌ಲೈನ್ಸ್‌ನ ಮುಖ್ಯಸ್ಥ ಎಡ್ ಬಾಸ್ಟಿಯನ್ ಟಿ.ವಿ. ಸಂದರ್ಶನದಲ್ಲಿ, ಒರಗುವ ಹಕ್ಕು ಪ್ರಯಾಣಿಕರಿಗಿದೆ, ಆದರೆ ಹಿಂದಿನವರನ್ನು ಒಂದು ಮಾತು ಕೇಳಿ ಒರಗುವುದು ಸರಿಯಾದ ಕ್ರಮ ಎಂದರು. ತಾವಂತೂ ಒರಗುವುದಿಲ್ಲ ಎಂದೂ ಸೇರಿಸಿದರು. ಮಾತು ಚೆನ್ನಾಗಿದೆ. ಅದರ ಹಿಂದಿನ ವರ್ಷವಷ್ಟೇ ಅವರ ಕಂಪನಿ ತನ್ನ ಎ320 ವಿಮಾನಗಳಲ್ಲಿ ಒರಗುವ ಪ್ರಮಾಣವನ್ನು ನಾಲ್ಕು ಇಂಚಿನಿಂದ ಎರಡಕ್ಕೆ ಇಳಿಸಿತ್ತು. ಜಗಳ ಅರ್ಧ ಕಡಿಮೆ ಮಾಡಲು ಅದೊಂದು ದಾರಿ.

ಇನ್ನು ಕೆಲವು ಕಂಪನಿಗಳು ಪೂರ್ತಿಯೇ ಕೈ ತೊಳೆದುಕೊಂಡವು. ಐರ್ಲೆಂಡಿನ ರಯನ್‌ಏರ್ ವಿಮಾನಗಳಲ್ಲಿ ಸೀಟು ಒರಗುವುದೇ ಇಲ್ಲ. ಯುರೋಪಿನೊಳಗಿನ ಸಣ್ಣ ಪ್ರಯಾಣದ ಹೊಸ ವಿಮಾನಗಳಲ್ಲಿ ಒರಗದ ಸೀಟು ಹಾಕುವುದಾಗಿ ಬ್ರಿಟಿಷ್ ಏರ್‌ವೇಸ್ 2018ರಲ್ಲಿ ಹೇಳಿತು. ಕೀಲು, ತಂತಿ, ಸಿಲಿಂಡರು ಇಲ್ಲವೆಂದರೆ ಸೀಟು ಹಗುರ, ಇಂಧನ ಉಳಿತಾಯ, ರಿಪೇರಿ ಇಲ್ಲ; ಇನ್ನೊಂದು ಸಾಲು ತುರುಕಲೂ ಅನುಕೂಲ. ಹಾಂಕಾಂಗಿನ ಕ್ಯಾಥೆ ಪೆಸಿಫಿಕ್ ಬೇರೆಯೇ ಪ್ರಯೋಗ ಮಾಡಿತ್ತು. 2008ರ ಸುಮಾರಿಗೆ ದೂರ ಪ್ರಯಾಣದ ಎಕಾನಮಿಯಲ್ಲಿ ಗಟ್ಟಿ ಚಿಪ್ಪಿನೊಳಗೆ ಸೀಟು ಕೂರಿಸಿತು. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ಹೋಗದು, ಕೂರುವ ಭಾಗ ಮುಂದಕ್ಕೆ ಜಾರುತ್ತದೆ. ಒರಗಿದವರು ತಮ್ಮ ಮಂಡಿಯ ಜಾಗವನ್ನು ತಾವೇ ತಿನ್ನುತ್ತಾರೆ, ಹಿಂದಿನವರಿಗೆ ಒಂದಿನಿತೂ ತೊಂದರೆ ಇಲ್ಲ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸೀಟು ಬಂದಿಲ್ಲ. ಆದರೆ ಜನ ಅದನ್ನು ಸಹಿಸಲಿಲ್ಲ. ದೂರುಗಳ ಸುರಿಮಳೆಯಾಗಿ 2012ರಿಂದ ಹಳೆಯ ಮಾದರಿಗೇ ಮರಳಬೇಕಾಯಿತು. ನಮ್ಮ ಆರಾಮದ ಖರ್ಚನ್ನು ನಾವೇ ಭರಿಸಬೇಕಾಗಿ ಬಂದಾಗ ಆ ಆರಾಮ ಅಷ್ಟೊಂದು ರುಚಿಸುವುದಿಲ್ಲ.

ಹಾಗೆಂದು ಒರಗುವುದನ್ನು ಬರೀ ಚಟ ಎಂದು ತಳ್ಳಿಹಾಕುವಂತಿಲ್ಲ. ಬೆನ್ನುಮೂಳೆಯ ಬಿಲ್ಲೆಗಳ ಮೇಲಿನ ಒತ್ತಡವನ್ನು ಅಳೆದ ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ ದಶಕಗಳ ಹಿಂದೆಯೇ ತೋರಿಸಿಕೊಟ್ಟದ್ದು ಇದು: ಆಸರೆಯಿಲ್ಲದೆ ಕೂತಾಗ ಸೊಂಟದ ಮೇಲೆ ಬೀಳುವ ಭಾರ ನಿಂತಾಗಿನದಕ್ಕಿಂತ ಹೆಚ್ಚು, ಬೆನ್ನನ್ನು ಹಿಂದಕ್ಕೆ ಒರಗಿಸಿದಂತೆ ಅದು ಕಡಿಮೆಯಾಗುತ್ತದೆ. ಸೊಂಟ ಹಿಡಿದವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಆ ಎರಡು ಇಂಚು ಔಷಧಿಗೆ ಸಮ.

ರಾತ್ರಿ ಬಸ್ಸಿನಲ್ಲಿ ಬರುವ ಮಾತು

ಕನ್ನಡದ ಜನಕ್ಕೆ ಒರಗುವ ಸೀಟು ಪರಿಚಯವಾದದ್ದು ವಿಮಾನದಲ್ಲಲ್ಲ, ಬಸ್ಸಿನಲ್ಲಿ. ‘ರಾಜಹಂಸ’ದ ಪುಶ್‌ಬ್ಯಾಕ್ ಸೀಟಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಮಂಗಳೂರಿನಲ್ಲೋ ಬೆಳಗಾವಿಯಲ್ಲೋ ಇಳಿದವರಿಗೆ ಅಲ್ಲಿನ ರಿವಾಜು ಗೊತ್ತು. ಊಟಕ್ಕೆ ನಿಲ್ಲಿಸುವ ತನಕ ಯಾರೂ ಪೂರ್ತಿ ಹಾಕುವುದಿಲ್ಲ. ಬಸ್ಸು ಮತ್ತೆ ಹೊರಟು ದೀಪ ಆರಿಸಿದ ಮೇಲೆ ಎಲ್ಲರ ಲಿವರುಗಳೂ ಸರಸರನೆ ಸದ್ದು ಮಾಡುತ್ತವೆ. ಯಾರಾದರೂ ಅತಿ ಮಾಡಿದರೆ ಹಿಂದಿನಿಂದ ದನಿ ಬರುತ್ತದೆ: “ಸಾರ್, ಸ್ವಲ್ಪ ಮುಂದಕ್ಕೆ ತಗೊಳ್ಳಿ, ಕಾಲು ಸಿಕ್ಕಾಕ್ಕೊಂಡಿದೆ.” ಮುಂದಿನಿಂದ ಉತ್ತರ: “ಪೂರ್ತಿ ಹಾಕಿಲ್ಲ ಸಾರ್, ಅರ್ಧನೇ ಹಾಕಿರೋದು.” ಹೀಗೆ ಗೊಣಗುತ್ತಲೇ ಸೀಟು ಒಂದು ಹಲ್ಲು ಮುಂದಕ್ಕೆ ಬರುತ್ತದೆ. ಬಗೆಹರಿಯದಿದ್ದರೆ ಕಂಡಕ್ಟರ್ ಇದ್ದಾರೆ.

ಅದೇ ಜನ ವಿಮಾನ ಹತ್ತಿದರೆ ಬಾಯಿ ಕಟ್ಟಿಹೋಗುತ್ತದೆ. ಕೇಳಿದರೆ ಏನಂದುಕೊಂಡಾರೋ ಎಂಬ ಅಳುಕು, ಯಾವ ಭಾಷೆಯಲ್ಲಿ ಕೇಳಬೇಕೆಂಬ ಗೊಂದಲ, ಪಕ್ಕದವರ ಕಿವಿಯಲ್ಲಿ ಹೆಡ್‌ಫೋನು. ಮಾತಾಡುವ ಬದಲು ಮಂಡಿಯಿಂದ ನೂಕುತ್ತೇವೆ, ಟ್ರೇಯನ್ನು ಬೇಕೆಂದೇ ಜೋರಾಗಿ ಮುಚ್ಚುತ್ತೇವೆ, ಏಳುವಾಗ ಮುಂದಿನ ಸೀಟಿನ ತಲೆ ಹಿಡಿದು ಜಗ್ಗುತ್ತೇವೆ. ಮುಂದಿನವರು ಸೇಡಿಗೆ ಇನ್ನಷ್ಟು ಒತ್ತುತ್ತಾರೆ. ಒಂದು ವಾಕ್ಯದಲ್ಲಿ ಮುಗಿಯಬೇಕಾದದ್ದು ಮೂರು ಗಂಟೆ ಮೂಕಿ ಚಿತ್ರದಂತೆ ಓಡುತ್ತದೆ.

2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಾಟ ಶುರು ಮಾಡಿದಾಗಿನಿಂದ ವಿಮಾನ ನಮ್ಮಲ್ಲಿ ಸಾಹೇಬರ ಸೊತ್ತಾಗಿ ಉಳಿದಿಲ್ಲ. 2019ರಲ್ಲಿ ಕಲಬುರಗಿಗೆ, 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ ನಡುವೆ ನೇರ ಹಾರಾಟ ಆರಂಭಿಸಿತು. ಒಮ್ಮೆ ಕೂತರೆ ಹದಿನಾರು ಗಂಟೆಗೂ ಹೆಚ್ಚು. ಮಗಳ ಬಾಣಂತನಕ್ಕೆ, ಮಗನ ಮನೆ ನೋಡಲಿಕ್ಕೆ ಹೊರಟ ತಂದೆತಾಯಂದಿರು ಇಂಥ ದೂರದ ವಿಮಾನಗಳಲ್ಲಿ ಬಹಳ.

ಬೆಂಗಳೂರಿನಿಂದ ಯುರೋಪಿಗೆ ಹೊರಟ ಒಂದು ರಾತ್ರಿ ವಿಮಾನದಲ್ಲಿ ನನ್ನ ಪಕ್ಕ ಮಂಡ್ಯ ಕಡೆಯ ಅಜ್ಜಿಯೊಬ್ಬರು ಕೂತಿದ್ದರು. ಊಟ ಮುಗಿದು ದೀಪ ಆರಿದರೂ ಸೆರಗು ಹೊದ್ದು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕಡ್ಡಿ ನೆಟ್ಟಂತೆ ಕೂತೇ ಇದ್ದರು. “ಅಜ್ಜಿ, ಇಲ್ಲಿ ಗುಂಡಿ ಇದೆ, ಒತ್ತಿ ಹಿಂದಕ್ಕೆ ಒರಗಿಕೊಳ್ಳಿ” ಎಂದೆ. ಅವರು ಗುಂಡಿಯ ಕಡೆ ನೋಡಲೇ ಇಲ್ಲ. ಕತ್ತು ಹೊರಳಿಸಿ ಸೀಟುಗಳ ಸಂದಿನಲ್ಲಿ ಹಿಂದಕ್ಕೆ ನೋಡಿದರು. “ಬ್ಯಾಡ ಕಣಪ್ಪ, ಹಿಂದ್ಗಡೆ ಹುಡುಗ ಕೂತವ್ನೆ, ಪಾಪ, ಕಾಲುದ್ದ ಅವನ್ದು.” ಹುಡುಗನಿಗೆ ಕೇಳಿಸಿತು. “ಅಯ್ಯೋ ಒರಗಿಕೊಳ್ಳಿ ಅಜ್ಜಿ, ನಾನು ಕಾಲು ಈ ಕಡೆ ಚಾಚ್ಕೋತೀನಿ” ಎಂದು ಅವನೇ ಸೀಟನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡ. ಬೆಳಗಿನ ತಿಂಡಿ ಬರುವ ಹೊತ್ತಿಗೆ ಅಜ್ಜಿ ಎಚ್ಚರಾಗಿ, “ಈಗ ನೆಟ್ಟಗ್ ಮಾಡಪ್ಪ, ಅವ್ನು ಉಣ್ಬೇಕು” ಎಂದು ನನ್ನಿಂದ ಗುಂಡಿ ಒತ್ತಿಸಿದರು.

ಶಿಷ್ಟಾಚಾರದ ಪುಸ್ತಕಗಳು ಹೇಳುವ ಪಾಠವೆಲ್ಲ ಆ ಅಜ್ಜಿಯ ನಡವಳಿಕೆಯಲ್ಲಿತ್ತು. ಜೊತೆಗೆ ಒಂದು ಎಚ್ಚರಿಕೆಯೂ ಇತ್ತು. ‘ಗುಂಡಿ ಇದೆ, ಹಕ್ಕಿದೆ, ಬೇಕಾದವರು ಒತ್ತಿಕೊಳ್ಳಲಿ’ ಎಂಬ ನ್ಯಾಯದಲ್ಲಿ ಗೆಲ್ಲುವವರು ಗುಂಡಿಯ ಗುರುತಿರುವವರು, ದಾಕ್ಷಿಣ್ಯ ಕಡಿಮೆ ಇರುವವರು. ಎಲ್ಲರಿಗಿಂತ ಹೆಚ್ಚು ಒರಗಬೇಕಾದ ಸೊಂಟವೇ ಸಂಕೋಚದಿಂದ ರಾತ್ರಿಯಿಡೀ ನೆಟ್ಟಗೆ ಕೂತಿರುತ್ತದೆ.

ಒರಗುವ ಮುನ್ನ

ಹಾಗಾದರೆ ಏನು ಮಾಡಬೇಕು? ಮೊದಲು ಗಡಿಯಾರ ನೋಡಬೇಕು. ಬೆಂಗಳೂರಿನಿಂದ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗುವ ಗಂಟೆಯ ಪ್ರಯಾಣದಲ್ಲಿ, ಏರಿ ಇಳಿಯುವ ಹೊತ್ತು ಕಳೆದರೆ ಒರಗಲು ಸಿಗುವುದೇ ಅರ್ಧ ಗಂಟೆ. ಅದಕ್ಕಾಗಿ ಒಬ್ಬರ ಮಂಡಿಗೆ ಒತ್ತುವುದರಲ್ಲಿ ಅರ್ಥವಿಲ್ಲ. ದೆಹಲಿಗೆ ಹೋಗುವ ಎರಡೂ ಮುಕ್ಕಾಲು ಗಂಟೆಯಲ್ಲಿ, ಹಗಲಾದರೆ, ಕೇಳಿ ಅರ್ಧ ಒರಗಬಹುದು. ರಾತ್ರಿಯ ದೂರ ಪ್ರಯಾಣದಲ್ಲಿ ದೀಪ ಆರಿದ ಮೇಲೆ ಒರಗುವುದು ಎಲ್ಲರ ಹಕ್ಕು. ಅಲ್ಲಿ ‘ಒರಗಬೇಡಿ’ ಎಂದು ಹಿಂದಿನವರು ಹಠ ಹಿಡಿಯುವುದೇ ಒರಟುತನ. ಊಟ, ತಿಂಡಿಯ ಹೊತ್ತಿನಲ್ಲಿ ಎಷ್ಟೇ ನಿದ್ದೆ ಬಂದಿದ್ದರೂ ಸೀಟು ನೆಟ್ಟಗಾಗಲೇಬೇಕು. ಸಿಬ್ಬಂದಿ ಬಂದು ಎಬ್ಬಿಸಲಿ ಎಂದು ಕಾಯಬಾರದು.

ಆಮೇಲೆ ತಿರುಗಿ ನೋಡುವುದು. ಹಿಂದೆ ಮಡಿಲ ಕೂಸಿದೆಯೇ, ಲ್ಯಾಪ್‌ಟಾಪ್ ತೆರೆದಿದೆಯೇ, ಟ್ರೇಯ ಮೇಲೆ ಬಿಸಿ ಕಾಫಿ ಇದೆಯೇ? ನೋಡಿ, ಹೇಳಿ, ಮೆಲ್ಲಗೆ ಒರಗಬೇಕು. ಕೊನೆಯ ಸಾಲಿನವರು ಹಿಂದಿದ್ದರೆ ಅವರಿಗೆ ತಿರುಗಿ ಒರಗುವ ದಾರಿಯಿಲ್ಲ ಎಂಬುದನ್ನು ನೆನೆದು ಅರ್ಧಕ್ಕೇ ನಿಲ್ಲಿಸಬೇಕು. ಹಿಂದಿನವರಿಗೂ ಪಾಠವಿದೆ. ತೊಂದರೆ ಆದರೆ ಬಾಯಿಬಿಟ್ಟು ಹೇಳಬೇಕು, ಮಂಡಿಯಿಂದ ಹೇಳಬಾರದು. ಮುಂದಿನವರು ಒಪ್ಪದಿದ್ದರೆ, ಸಿಬ್ಬಂದಿಯನ್ನು ಕರೆದು ಖಾಲಿ ಸೀಟು ಇದೆಯೇ ಎಂದು ಕೇಳಬಹುದು. ಕೋಪ ಕೈಗೆ ಬಂದರೆ ಏನಾಗುತ್ತದೆಂಬುದೂ ಗೊತ್ತಿರಲಿ. 2017ರಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಹೊರಡಿಸಿದ ನಿಯಮದ ಪ್ರಕಾರ ಬೈಗುಳಕ್ಕೆ ಮೂರು ತಿಂಗಳವರೆಗೆ, ತಳ್ಳಿದರೆ, ಒದ್ದರೆ, ಹೊಡೆದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ ಎರಡು ವರ್ಷ ವಿಮಾನ ಹತ್ತದಂತೆ ನಿಷೇಧ ಹಾಕಬಹುದು.

ಪ್ರಯಾಣಿಕರ ಸಭ್ಯತೆಯಿಂದ ಎಲ್ಲವೂ ನೇರ್ಪಾಗುತ್ತದೆ ಎಂದು ಹೇಳಿ ಕೈತೊಳೆದುಕೊಂಡರೆ ಕಂಪನಿಗಳಿಗೆ ಬಹಳ ಖುಷಿ. ಕಿಟಕಿ ಪಕ್ಕಕ್ಕೆ ಇಷ್ಟು, ಮುಂದಿನ ಸಾಲಿಗೆ ಇಷ್ಟು, ಕಾಲು ಚಾಚಲು ಇಷ್ಟು ಎಂದು ರೂಪಾಯಿ ರೂಪಾಯಿ ಲೆಕ್ಕ ಹಾಕಿ ಸೀಟು ಮಾರುವವರು, ಸಾಲುಗಳ ನಡುವೆ ಎಷ್ಟು ಇಂಚು ಜಾಗವಿದೆ, ಮುಂದಿನ ಸೀಟು ಒರಗಿದರೆ ಅದರಲ್ಲಿ ಎಷ್ಟು ಹೋಗುತ್ತದೆ ಎಂಬುದನ್ನೂ ಟಿಕೆಟ್ ಕೊಳ್ಳುವ ಹಂತದಲ್ಲೇ ಕಣ್ಣಿಗೆ ಬೀಳುವಂತೆ ಬರೆಯಲಿ. ಒರಗದ ಸೀಟಿಗೆ ದರ ಕಡಿಮೆ ಮಾಡಲಿ. ಸೀಟುಬೆಲ್ಟು ಕಟ್ಟುವುದು ಹೇಗೆಂದು ತೋರಿಸುವಾಗಲೇ ಒರಗುವ ಗುಂಡಿ ಎಲ್ಲಿದೆ, ಒತ್ತುವ ಮೊದಲು ಹಿಂದಕ್ಕೆ ನೋಡಿ ಎಂದು ಒಂದು ಸಾಲು ಸೇರಿಸಲಿ. ಬೆಂಗಳೂರಿನಿಂದ ಹೊರಡುವ ವಿಮಾನದಲ್ಲಿ ಆ ಸಾಲು ಕನ್ನಡದಲ್ಲೂ ಇರಲಿ. ಇದಕ್ಕೆ ಹೆಚ್ಚಿನ ಇಂಧನ ಬೇಕಿಲ್ಲ, ಒಂದು ಸೀಟೂ ಕಡಿಮೆಯಾಗುವುದಿಲ್ಲ.

ಕಂಪನಿಗಳು ಅದನ್ನು ಮಾಡಲಿ ಬಿಡಲಿ, ನಮ್ಮ ಕೈಯಲ್ಲಿರುವ ಮಾತಿಗೆ ಯಾರ ಅನುಮತಿಯೂ ಬೇಡ. “ಸ್ವಲ್ಪ ಒರಗಿಕೊಳ್ಳಲಾ?” ಎಂದು ಕೇಳಿದರೆ ಬಹುಪಾಲು ಜನ ಹೂಂ ಅನ್ನುತ್ತಾರೆ. ಅಪರೂಪಕ್ಕೆ ಒಬ್ಬರು ಊಹೂಂ ಅಂದರೆ ಅವರ ಮಂಡಿಗೆ ಏನೋ ಕಾರಣವಿರುತ್ತದೆ. ಅರ್ಧಕ್ಕೆ ರಾಜಿ ಮಾಡಿಕೊಂಡರಾಯಿತು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಎರಡು ಇಂಚಿಗೆ ಕೋರ್ಟು ಸಿಗುವುದಿಲ್ಲ, ವಕೀಲರು ಸಿಗುವುದಿಲ್ಲ. ಸಿಗುವುದು ಹಿಂದೆ ಕೂತ ಒಬ್ಬ ಮನುಷ್ಯ, ಅಷ್ಟೇ. ತೀರ್ಪು ಅವರ ಜೊತೆ ಕೂಡಿಯೇ ಬರೆದುಕೊಳ್ಳಬೇಕು.